ಹೊಸ ವರ್ಷಕ್ಕೆ ಬಾರದಿದ್ದರೂ ಜಾತ್ರೆಗೆ ಬಾ

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಾಳಿಯ ವೇಗದಲ್ಲಿ ಓಡುವ ರೈಲು, ಬಗೆಬಗೆಯ ಯಂತ್ರಗಳು, ಕಿಮೋನೊ ಉಟ್ಟು ಬೊಂಬೆಯ ಹಾಗೆ ನಿಂತ ಹೆಂಗಸರು. ನಾನೂ ಹಾಗೇ ಎಣಿಸಿಕೊಂಡಿದ್ದೆ. ಅಲ್ಲೂ ಚಿಕ್ಕ ಚಿಕ್ಕ ಊರುಗಳಿವೆ, ಊರಿಗೊಬ್ಬ ದೇವರಿದ್ದಾನೆ, ವರ್ಷಕ್ಕೊಮ್ಮೆ ಆ ದೇವರಿಗೆ ಜಾತ್ರೆಯಾಗುತ್ತದೆ, ಜಾತ್ರೆಯ ದಿನ ಅಲ್ಲಿಯ ಹೆಂಗಸರೂ ಬೆಳಗಿನಿಂದ ನಡುರಾತ್ರಿಯವರೆಗೆ ಒಲೆಯ ಮುಂದೆಯೇ ನಿಂತಿರುತ್ತಾರೆ ಎಂದು ಯಾರಾದರೂ ಹೇಳಿದ್ದರೆ ‘ಅಯ್ಯೋ, ಸುಮ್ಮನಿರಿ’ ಎಂದು ನಕ್ಕುಬಿಡುತ್ತಿದ್ದೆ. 2024ರ ಜುಲೈ ತಿಂಗಳಲ್ಲಿ ಕಣ್ಣಾರೆ ಕಂಡು ಬಂದೆ. ಕಂಡದ್ದನ್ನು ನಮ್ಮ ಸೋದರಿಯರ ಮುಂದೆ ಇಡೋಣ ಎಂದು ಈ ಬರಹ.

ನಾನು ಜಪಾನಿಗೆ ಹೋದದ್ದು ಪ್ರವಾಸಕ್ಕಲ್ಲ, ಬಾಣಂತನಕ್ಕೆ! ನನ್ನ ತಂಗಿ ಗಂಡನ ಕೆಲಸದ ಮೇಲೆ ಕನಜಾವಾ ಎಂಬ ಊರಿನಲ್ಲಿದ್ದಾಳೆ. ಎರಡನೆಯ ಹೆರಿಗೆ. ಅಮ್ಮನಿಗೆ ಮಂಡಿನೋವು, ಅಷ್ಟು ದೂರದ ವಿಮಾನ ಆಗದು. ‘ನೀನೇ ಹೋಗಿ ಬಾರೇ’ ಎಂದರು. ಬೇಳೆಪುಡಿ, ಮೆಂತ್ಯದ ಹಿಟ್ಟು, ಅಂಟಿನುಂಡೆ ಎಲ್ಲ ಕಟ್ಟಿಕೊಂಡು ಹೊರಟೆ. ತಂಗಿಯ ಹಿರಿಯ ಮಗಳು ಪುಟ್ಟಿಗೆ ಹತ್ತು ವರ್ಷ. ಅಲ್ಲಿಯ ಶಾಲೆಗೇ ಹೋಗುವುದರಿಂದ ಜಪಾನಿ ಭಾಷೆ ನೀರು ಕುಡಿದಷ್ಟು ಸಲೀಸು, ಕನ್ನಡವೇ ಸ್ವಲ್ಪ ತೊದಲು. ಮೂರು ತಿಂಗಳೂ ನನಗೆ ನಾಲಗೆಯಾದವಳು ಅವಳೇ.

ಪಕ್ಕದ ಮನೆಯಲ್ಲಿ ಐವತ್ತು ದಾಟಿದ ಒಬ್ಬರಿದ್ದರು. ಎರಡು ದಿನಕ್ಕೊಮ್ಮೆ ಮಗು ನೋಡಲು ಬಂದು, ನಾನು ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದನ್ನು ಬೆರಗಿನಿಂದ ನೋಡುವರು. ಜುಲೈ ಹತ್ತಿರ ಬಂದಾಗ ಒಂದು ದಿನ ಕೇಳಿದರು: ‘ನನ್ನ ತವರೂರಿನ ಜಾತ್ರೆ. ನೀವೂ ಪುಟ್ಟಿಯೂ ಬರುತ್ತೀರಾ?’ ತಂಗಿ ‘ಎರಡು ದಿನ ನಾನು ನೋಡಿಕೊಳ್ಳುತ್ತೇನೆ, ಹೋಗಿ ಬಾ ಅಕ್ಕ’ ಎಂದಳು. ತವರಿನ ಜಾತ್ರೆಗೆ ಕರೆದರೆ ಬೇಡ ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಉಶಿತ್ಸು ಎಂಬ ಊರು

ಆಕೆಯ ತವರು ಉಶಿತ್ಸು. ಜಪಾನಿನ ದೊಡ್ಡ ದ್ವೀಪದ ಪಶ್ಚಿಮಕ್ಕೆ, ಸಮುದ್ರದೊಳಕ್ಕೆ ಬಾಗಿದ ಹೆಬ್ಬೆರಳಿನಂತೆ ಚಾಚಿಕೊಂಡ ನೋಟೊ ಎಂಬ ನೆಲವಿದೆ. ಆ ನೆಲದ ಒಳಗಡಲಿನ ದಂಡೆಯಲ್ಲಿ ಬೆಸ್ತರ ಊರು ಉಶಿತ್ಸು. ಈಗ ನೋಟೊ ಪಟ್ಟಣ ಎಂಬ ಆಡಳಿತದ ಕೆಳಗೆ ಬರುತ್ತದೆ. 2005ರಲ್ಲಿ ಅಕ್ಕಪಕ್ಕದ ಊರುಗಳನ್ನು ಸೇರಿಸಿ ಈ ಪಟ್ಟಣ ಮಾಡಿದರು. ಅದೇ ವರ್ಷ ಉಶಿತ್ಸುವಿಗೆ ಬರುತ್ತಿದ್ದ ರೈಲೂ ನಿಂತುಹೋಯಿತು, ಹತ್ತುವವರು ಕಡಮೆಯಾದರೆಂದು. 2020ರ ಜನಗಣತಿಯಲ್ಲಿ ಇಡೀ ನೋಟೊ ಪಟ್ಟಣಕ್ಕೆ ಸೇರಿ ಸುಮಾರು 15 ಸಾವಿರ ಜನ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 65 ದಾಟಿದವರು. ಓದಿದ ಮಕ್ಕಳೆಲ್ಲ ಟೋಕಿಯೋ, ಒಸಾಕಾ, ಕನಜಾವಾ ಎಂದು ಹೊರಟುಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಅಜ್ಜ ಅಜ್ಜಿ, ಇಲ್ಲವೇ ಬರೀ ಅಜ್ಜಿ.

ಅಂಥ ಊರಿನಲ್ಲಿ ಒಂದು ಮಾತು ಬಳಕೆಯಲ್ಲಿದೆ: ಹೊಸ ವರ್ಷಕ್ಕೆ ಬರಲಾಗದಿದ್ದರೆ ಬೇಡ, ಪಿತೃಗಳ ಹಬ್ಬಕ್ಕೂ ಬರಲಾಗದಿದ್ದರೆ ಬೇಡ, ಜಾತ್ರೆಗೆ ಮಾತ್ರ ಬಂದುಬಿಡು. ಜಪಾನಿನವರಿಗೆ ವರ್ಷದಲ್ಲಿ ಮುಖ್ಯವಾದವು ಆ ಎರಡು ಹಬ್ಬಗಳೇ. ಅವೆರಡನ್ನೂ ಬಿಟ್ಟುಕೊಟ್ಟು ಜಾತ್ರೆಯನ್ನು ಹಿಡಿದುಕೊಂಡಿದ್ದಾರೆ ಎಂದರೆ ಅದರ ಮೇಲಿನ ಪ್ರೀತಿ ಎಷ್ಟಿರಬೇಕು ನೋಡಿ.

ಈ ಜಾತ್ರೆಯ ಹೆಸರು ‘ಅಬಾರೆ ಮತ್ಸುರಿ’. ಮತ್ಸುರಿ ಎಂದರೆ ಜಾತ್ರೆ, ಹಬ್ಬ. ಅಬಾರೆ ಎಂದರೆ ರಂಪಾಟ, ದಾಂಧಲೆ. ರಂಪಾಟದ ಜಾತ್ರೆ! ಪ್ರತಿವರ್ಷ ಜುಲೈ ತಿಂಗಳ ಮೊದಲನೆಯ ಶುಕ್ರವಾರ ಮತ್ತು ಶನಿವಾರ ನಡೆಯುತ್ತದೆ. ನೋಟೊ ಸೀಮೆಯ ಸುಮಾರು 200 ಊರು ಕೇರಿಗಳಲ್ಲಿ ಬೇಸಿಗೆಯಿಂದ ಶರತ್ಕಾಲದವರೆಗೆ ಒಂದರ ಹಿಂದೊಂದು ಇಂಥ ದೀಪದ ಜಾತ್ರೆಗಳಾಗುತ್ತವೆ. ಮೊದಲು ಶುರುವಾಗುವವುಗಳಲ್ಲಿ ಉಶಿತ್ಸುವಿನದೂ ಒಂದು. 2015ರಲ್ಲಿ ಜಪಾನ್ ಸರ್ಕಾರ ನೋಟೊದ ಈ ಜಾತ್ರೆಗಳನ್ನು ದೇಶದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ನಾಡಿನ ಹೆಸರು ಹೊತ್ತ ದೇವರು

ಕಾರಿನಲ್ಲಿ ಹೋಗುತ್ತಾ ಆಕೆ ಜಾತ್ರೆಯ ಕಥೆ ಹೇಳಿದರು. ಪುಟ್ಟಿ ನನಗೆ ಕನ್ನಡದಲ್ಲಿ ಹೇಳಿದಳು. ಅದು ಹೀಗಿದೆ:

ಸುಮಾರು 350 ವರ್ಷಗಳ ಹಿಂದೆ ಉಶಿತ್ಸುವಿಗೆ ಕೆಟ್ಟ ಸಾಂಕ್ರಾಮಿಕ ರೋಗ ಬಂತಂತೆ. ಮನೆಮನೆಯಲ್ಲೂ ಸಾವು. ದಿಕ್ಕು ತೋಚದ ಜನ ಕ್ಯೋಟೋ ನಗರದ ಗಿಯೋನ್ ಗುಡಿಯಿಂದ ಗೊಜು ತೆನ್ನೊ ಎಂಬ ದೇವರನ್ನು ಕರೆತಂದು ದೊಡ್ಡ ಪೂಜೆ ಮಾಡಿಸಿದರು. ಆಗ ನೀಲಿ ಬಣ್ಣದ ಜೇನ್ನೊಣವೊಂದು ಕಾಣಿಸಿಕೊಂಡು ಕಾಯಿಲೆಯವರನ್ನೆಲ್ಲ ಕುಟುಕುತ್ತಾ ಹೋಯಿತು. ಕುಟುಕಿಸಿಕೊಂಡವರು ಒಬ್ಬೊಬ್ಬರೇ ಎದ್ದು ಕುಳಿತರು. ದೇವರೇ ನೊಣವಾಗಿ ಬಂದ ಎಂದು ಜನ ಸಂತೋಷದಿಂದ ದೀಪದ ಗೂಡುಗಳನ್ನು ಹೊತ್ತು ಕುಣಿಯುತ್ತಾ ಗುಡಿಗೆ ಹೋದರು. ಅಂದಿನಿಂದ ಜಾತ್ರೆ ನಡೆದುಕೊಂಡು ಬಂದಿದೆ.

ಗೊಜು ತೆನ್ನೊ ಎಂದರೆ ಎತ್ತಿನ ತಲೆಯ ದೇವರಾಜ. ಇವನು ಯಾರು ಗೊತ್ತೇ? ಬುದ್ಧ ಭಗವಾನರು ಶ್ರಾವಸ್ತಿಯಲ್ಲಿ ಮಳೆಗಾಲ ಕಳೆಯುತ್ತಿದ್ದ ಜೇತವನವನ್ನು ಕಾಯುವ ದೇವರು ಎಂದು ಜಪಾನಿನವರ ನಂಬಿಕೆ. ಜೇತವನಕ್ಕೆ ಜಪಾನಿ ಹೆಸರೇ ಗಿಯೋನ್! ಕ್ಯೋಟೋದ ಗುಡಿಗೂ ಅದರ ಸುತ್ತಲ ಬೀದಿಗಳಿಗೂ ಆ ಹೆಸರು ಬಂದದ್ದು ಹಾಗೆ. ಕ್ಯೋಟೋದಲ್ಲಿ ಪಿಡುಗು ಹರಡಿದ್ದಾಗ, 869ರಲ್ಲಿ, ಇದೇ ದೇವರನ್ನು ಶಾಂತಗೊಳಿಸಲು ಆರಂಭಿಸಿದ ಗಿಯೋನ್ ಜಾತ್ರೆ ಇಂದಿಗೂ ಲೋಕಪ್ರಸಿದ್ಧ. ನಮ್ಮ ದೇಶದ ಒಂದು ತೋಪಿನ ಹೆಸರು ಸಾವಿರಾರು ಮೈಲಿ ದಾಟಿ ಹೋಗಿ ಅಲ್ಲಿ ರೋಗ ಕಳೆಯುವ ದೇವರ ನೆಲೆಯಾಗಿದೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು.

ಈ ಗೊಜು ತೆನ್ನೊನನ್ನೂ ಜಪಾನಿನ ಪುರಾಣದ ಸುಸಾನೊಓ ಎಂಬ ದೇವರನ್ನೂ ಹಿಂದಿನಿಂದಲೂ ಒಬ್ಬನೇ ಎಂದು ಎಣಿಸುತ್ತಿದ್ದರು. 1868ರಲ್ಲಿ ಬೌದ್ಧ ದೇವರುಗಳನ್ನೂ ಶಿಂತೋ ದೇವರುಗಳನ್ನೂ ಬೇರೆ ಮಾಡಬೇಕೆಂದು ಸರ್ಕಾರದ ಅಪ್ಪಣೆಯಾಯಿತು. ಗಿಯೋನ್ ಗುಡಿ ಯಾಸಾಕಾ ಗುಡಿಯಾಯಿತು. ಉಶಿತ್ಸುವಿನ ಗುಡಿಯ ಹೆಸರೂ ಯಾಸಾಕಾ ಎಂದೇ. ಸುಸಾನೊಓ ಎಂದರೆ ಸೂರ್ಯದೇವಿ ಅಮಾತೆರಾಸುವಿನ ತಮ್ಮ, ಮಹಾ ಒರಟ. ಅವನ ಪುಂಡಾಟ ತಡೆಯಲಾರದೆ ದೇವಲೋಕದಿಂದಲೇ ಹೊರಗೆ ಹಾಕಿದರಂತೆ. ಭೂಮಿಗೆ ಬಂದವನು ಎಂಟು ತಲೆಯ ಹಾವನ್ನು ಕೊಂದು ಒಬ್ಬ ಹೆಣ್ಣುಮಗಳನ್ನು ಕಾಪಾಡಿದನಂತೆ. ಇಂಥ ದೇವರಿಗೆ ಮೆತ್ತಗಿನ ಪೂಜೆ ಹಿಡಿಸೀತೇ? ಎಷ್ಟು ರಂಪ ಮಾಡಿದರೆ ಅವನಿಗೆ ಅಷ್ಟು ಖುಷಿ. ಅದಕ್ಕೇ ಈ ಜಾತ್ರೆಗೆ ಆ ಹೆಸರು.

ಯೊಬಾರೆ: ಹೆಂಗಸರ ಜಾತ್ರೆ

ಗುಡಿ, ಬೀದಿ, ದೀಪ ಎಲ್ಲ ಗಂಡಸರ ಪಾಲಾದರೆ ಹೆಂಗಸರ ಪಾಲಿಗೆ ಇರುವುದು ‘ಯೊಬಾರೆ’. ಹಾಗೆಂದರೆ ‘ಕರೆಸಿಕೊಳ್ಳುವುದು’. ಜಾತ್ರೆಯ ದಿನ ಪ್ರತಿ ಮನೆಯೂ ನೆಂಟರು, ಸ್ನೇಹಿತರು, ಗಂಡನ ಕಚೇರಿಯವರು, ಮಗನ ಗೆಳೆಯರು, ಹೀಗೆ ಎಲ್ಲರನ್ನೂ ಊಟಕ್ಕೆ ಕರೆಯುತ್ತದೆ. ಬಂದವರ ಜೊತೆ ಅವರ ಪರಿಚಯದವರು ಬಂದರೂ ಎಲೆ ಹಾಕಿದ ಹಾಗೆಯೇ. ನಾಳೆ ಅವರ ಊರಿನ ಜಾತ್ರೆಗೆ ಇವರು ಹೋಗಿ ಉಂಡು ಬರುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಗಂಡಸರು ದೀಪ ಹೊತ್ತು, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿದು, ಬೆವರು ಸುರಿಸಿಕೊಂಡು ಬರುತ್ತಾರೆ, ಉಣ್ಣುತ್ತಾರೆ, ಮತ್ತೆ ಹೋಗುತ್ತಾರೆ. ಹೆಂಗಸರು ಬಡಿಸುತ್ತಾರೆ, ತೊಳೆಯುತ್ತಾರೆ, ಮತ್ತೆ ಬಡಿಸುತ್ತಾರೆ. ‘ಅಲ್ಲೂ ಇದೇ ಕಥೆಯೇ!’ ಎಂದು ನೀವು ನಗುತ್ತೀರಿ, ನಾನೂ ನಕ್ಕೆ.

ಊಟವೆಂದರೆ ಸಾಧಾರಣದ್ದಲ್ಲ. ಹಸಿ ಮೀನಿನ ತುಂಡುಗಳು, ಸುಟ್ಟ ಮೀನು, ಗೆಡ್ಡೆ ಗೆಣಸು ಅಣಬೆಗಳ ಬೇಯಿಸಿದ ಪಲ್ಯ, ಉಪ್ಪಿನಕಾಯಿ, ಜೊತೆಗೆ ಶುಭ ದಿನದ ಕೆಂಪನ್ನ. ಬಡಿಸುವುದು ಮೆರುಗೆಣ್ಣೆ ಹಚ್ಚಿದ ಕೆಂಪು ಮರದ ತಟ್ಟೆ ಬಟ್ಟಲುಗಳಲ್ಲಿ. ನೋಟೊ ಸೀಮೆಯ ವಾಜಿಮಾ ಎಂಬ ಊರಿನ ಮೆರುಗಿನ ಪಾತ್ರೆ ಇಡೀ ಜಪಾನಿಗೆ ಹೆಸರುವಾಸಿ. ಹಳೆಯ ಮನೆತನಗಳಲ್ಲಿ ಇಪ್ಪತ್ತು ಜನಕ್ಕೆ ಆಗುವಷ್ಟು ಜೊತೆಗಳನ್ನು ಕಾಗದದಲ್ಲಿ ಸುತ್ತಿ, ಮನೆಯ ಹಿಂದಿನ ಉಗ್ರಾಣದಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡಿರುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಲ ಹೊರಗೆ ಬರುತ್ತವೆ, ನಮ್ಮಲ್ಲಿ ಅತ್ತೆಯವರ ಕಾಲದ ಬೆಳ್ಳಿ ತಟ್ಟೆ ಹೊರಗೆ ಬಂದ ಹಾಗೆ.

ಹೊಸ ವರ್ಷದ ದಿನ ನಡುಗಿದ ನೆಲ

ಉಶಿತ್ಸು ಹತ್ತಿರವಾದಂತೆ ಕಾರಿನಲ್ಲಿ ಮಾತು ನಿಂತುಹೋಯಿತು. ರಸ್ತೆ ಅಲ್ಲಲ್ಲಿ ಕುಸಿದು, ಟಾರಿನ ತೇಪೆ ಹಾಕಿದ್ದರು. ನೋಟೊದ ಮನೆಗಳಿಗೆ ಮಿರಮಿರ ಮಿಂಚುವ ಕಪ್ಪು ಹೆಂಚು ಹೊದಿಸುವುದು ವಾಡಿಕೆ. ಆ ಹೆಂಚಿನ ರಾಶಿಯೇ ನೆಲದ ಮೇಲೆ ಬಿದ್ದಿತ್ತು. ನಿಂತಿದ್ದ ಮನೆಗಳ ಮೇಲೆ ನೀಲಿ ಟಾರ್ಪಾಲು.

2024ರ ಜನವರಿ 1. ಮಕ್ಕಳು ಮೊಮ್ಮಕ್ಕಳೆಲ್ಲ ಹೊಸ ವರ್ಷಕ್ಕೆ ಊರಿಗೆ ಬಂದಿದ್ದ ದಿನ. ಮಧ್ಯಾಹ್ನ 4 ಗಂಟೆ 10 ನಿಮಿಷಕ್ಕೆ ನೋಟೊ ನೆಲ ನಡುಗಿತು. 7.6ರ ತೀವ್ರತೆಯ ಭೂಕಂಪ. ಆಮೇಲೆ ಸುನಾಮಿ. ವಾಜಿಮಾದಲ್ಲಿ ಹಳೆಯ ಸಂತೆಬೀದಿ ಬೆಂಕಿಗೆ ಆಹುತಿಯಾಯಿತು. ಮನೆಯಡಿ ಸಿಕ್ಕಿ ಸತ್ತವರು, ಆಮೇಲೆ ಚಳಿಯಲ್ಲಿ, ಆಶ್ರಯದ ಶಿಬಿರಗಳಲ್ಲಿ ನರಳಿ ತೀರಿಕೊಂಡ ಮುದುಕರು, ಎಲ್ಲ ಸೇರಿ 500ಕ್ಕೂ ಹೆಚ್ಚು ಜನ ಹೋದರು. ತಿಂಗಳುಗಟ್ಟಲೆ ನಲ್ಲಿಯಲ್ಲಿ ನೀರಿರಲಿಲ್ಲ. ಕೊಡ ಹೊತ್ತು ಗೊತ್ತಿರುವ ನಮಗೆ ಅದರ ಕಷ್ಟ ಬಿಡಿಸಿ ಹೇಳಬೇಕೇ?

ನಮ್ಮ ಪಕ್ಕದ ಮನೆಯಾಕೆಯ ತಾಯಿಗೆ 82 ವರ್ಷ. ಆ ಹೊತ್ತು ಅವರು ಅಂಗಳದಲ್ಲಿ ಇದ್ದುದರಿಂದ ಬದುಕಿಕೊಂಡರು. ಮನೆ ಒಂದು ಕಡೆಗೆ ವಾಲಿಬಿಟ್ಟಿತು. ‘ಒಳಗೆ ಹೋಗುವುದು ಅಪಾಯ’ ಎಂದು ಬಾಗಿಲಿಗೆ ಕೆಂಪು ಕಾಗದ ಅಂಟಿಸಿಹೋದರು. ಹಿಂದಿನ ಉಗ್ರಾಣ ಪೂರ್ತಿ ಬಿತ್ತು. ಮೆರುಗಿನ ತಟ್ಟೆಗಳೆಲ್ಲ ಅದರ ಅಡಿಯಲ್ಲಿ. ನಾವು ಹೋದಾಗ ಅಜ್ಜಿ ಸರ್ಕಾರ ಕಟ್ಟಿಸಿಕೊಟ್ಟ ತಾತ್ಕಾಲಿಕ ಮನೆಯಲ್ಲಿದ್ದರು. ಸಾಲಾಗಿ ನಿಲ್ಲಿಸಿದ ಪೆಟ್ಟಿಗೆಗಳಂಥ ಮನೆಗಳು. ಅವರದು ಎರಡು ಪುಟ್ಟ ಕೋಣೆ. ಆದರೂ ಬಾಗಿಲ ಬಳಿ ಒಂದು ಕುಂಡದಲ್ಲಿ ಹೂವಿನ ಗಿಡ ಇತ್ತು.

ಈ ವರ್ಷ ಜಾತ್ರೆ ಬೇಕೇ ಬೇಡವೇ ಎಂದು ಊರಿನಲ್ಲಿ ಬಹಳ ಮಾತಾಯಿತಂತೆ. ‘ಸತ್ತವರ ಮನೆಯಲ್ಲಿ ಕಣ್ಣೀರು ಆರಿಲ್ಲ, ಕುಣಿಯುವುದು ಹೇಗೆ?’ ಎಂದರು ಕೆಲವರು. ‘ರೋಗ ಬಂದು ಊರು ಹಾಳಾದಾಗ ಹುಟ್ಟಿದ ಜಾತ್ರೆ ಇದು, ಊರು ಹಾಳಾದಾಗಲೇ ಬಿಡುವುದೇ?’ ಎಂದರು ಇನ್ನು ಕೆಲವರು. ಆ ವರ್ಷ ನೋಟೊದ ಎಷ್ಟೋ ಊರುಗಳು ಜಾತ್ರೆ ನಿಲ್ಲಿಸಿದವು. ಅವರನ್ನು ತಪ್ಪೆನ್ನಲು ಯಾರಿಗೂ ಮನಸ್ಸು ಬಾರದು. ಉಶಿತ್ಸು ನಡೆಸಿತು. ಜುಲೈ 5 ಮತ್ತು 6.

ಅಜ್ಜಿಯ ಚಿಂತೆ ಬೇರೆ. ‘ಜಾತ್ರೆ ಏನೋ ಆಗುತ್ತದೆ. ಮನೆಯೇ ಇಲ್ಲದ ಮೇಲೆ ಯಾರನ್ನು ಎಲ್ಲಿಗೆ ಕರೆಯಲಿ?’ ಎಂದು ಮಗಳಿಗೆ ಫೋನಿನಲ್ಲಿ ಅಂದಿದ್ದರಂತೆ. ಕೊನೆಗೆ ಅಲ್ಲಿಯ ಎಂಟು ಮನೆಯ ಹೆಂಗಸರು ಸೇರಿ ಒಂದು ದಾರಿ ಹುಡುಕಿದರು. ತಾತ್ಕಾಲಿಕ ಮನೆಗಳ ನಡುವೆ ಎಲ್ಲರೂ ಸೇರಲು ಒಂದು ಕೋಣೆ ಇತ್ತು. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ಅಲ್ಲಿಗೆ ತರುವುದು. ಅವರವರ ನೆಂಟರು ಎಲ್ಲರ ನೆಂಟರು. ಅಜ್ಜಿಯ ಪಾಲಿಗೆ ಬಂದದ್ದು ಕೆಂಪನ್ನ.

ನಾವು ಮೀನು ಮಾಂಸ ಮುಟ್ಟುವವರಲ್ಲ. ಜಪಾನಿನಲ್ಲಿ ಸಾರಿಗೂ ಒಣಮೀನಿನ ರಸ ಹಾಕುತ್ತಾರೆ. ಅದು ತಿಳಿದೇ ನಾನು ಒಂದು ಡಬ್ಬಿ ಚಿತ್ರಾನ್ನ ಕಲಸಿಕೊಂಡು ಹೋಗಿದ್ದೆ. ಅಜ್ಜಿ ಅದನ್ನೂ ಒಂದು ಬಟ್ಟಲಿಗೆ ಹಾಕಿ ಸಾಲಿನಲ್ಲಿ ಇಟ್ಟರು. ಹಸಿಮೆಣಸಿಗೆ ಕೆಲವರ ಕಣ್ಣಲ್ಲಿ ನೀರು ಬಂದರೂ ಡಬ್ಬಿ ಖಾಲಿಯಾಯಿತು! ನನಗೆ ಕೆಂಪನ್ನ ಬಡಿಸಿದ ಬಟ್ಟಲು ಮೆರುಗಿನದೇ. ಅಂಚಿನಲ್ಲಿ ಸ್ವಲ್ಪ ಸಿಡಿದಿತ್ತು. ಉಗ್ರಾಣದ ಮಣ್ಣಿನಡಿಯಿಂದ ಮಗ ತೆಗೆದುಕೊಟ್ಟ ಏಳು ಬಟ್ಟಲುಗಳಲ್ಲಿ ಅದೂ ಒಂದಂತೆ.

ಬೆಂಕಿಯ ರಾತ್ರಿ

ಈಗ ಜಾತ್ರೆಯ ವಿಷಯಕ್ಕೆ ಬರೋಣ. ದೀಪದ ಗೂಡಿಗೆ ಅಲ್ಲಿ ‘ಕಿರಿಕೊ’ ಎನ್ನುತ್ತಾರೆ. ನಮ್ಮ ಆಕಾಶಬುಟ್ಟಿಯನ್ನು ಮನೆಯೆತ್ತರಕ್ಕೆ ಬೆಳೆಸಿದರೆ ಹೇಗಿರುತ್ತದೋ ಹಾಗೆ. ಮರದ ಚೌಕಟ್ಟು, ಸುತ್ತ ಕಾಗದ, ಒಳಗೆ ದೀಪ. ಮುಂಭಾಗದಲ್ಲಿ ಶುಭ ಹಾರೈಸುವ ದೊಡ್ಡ ದೊಡ್ಡ ಅಕ್ಷರ, ಹಿಂಭಾಗದಲ್ಲಿ ಚಿತ್ರ. ಉಶಿತ್ಸುವಿನವು ಸುಮಾರು 7 ಮೀಟರು ಎತ್ತರ. ಕೇರಿಗೊಂದರಂತೆ ಎಲ್ಲ ಸೇರಿ 40ರಷ್ಟು. ಕೆಳಗೆ ಉದ್ದನೆಯ ತೊಲೆಗಳಿಗೆ ಹೆಗಲು ಕೊಟ್ಟು ಹೊರುತ್ತಾರೆ. ಗೂಡಿನ ಬುಡದಲ್ಲಿ ಮಕ್ಕಳು ಕುಳಿತು ಡೋಲು, ಜಾಗಟೆ ಬಾರಿಸುತ್ತಾರೆ, ಕೊಳಲು ಊದುತ್ತಾರೆ. ನೋಟೊದಲ್ಲೇ ಇಸ್ಸಾಕಿ ಎಂಬಲ್ಲಿ ಎರಡು ಟನ್ನು ತೂಗುವ ಕಿರಿಕೊವನ್ನು ನೂರು ಜನ ಹೊರುತ್ತಾರೆ ಎಂದು ಆಕೆ ಹೇಳಿದರು. ಹಿಂದೆ ಗಂಡಸರೇ ಹೊರುತ್ತಿದ್ದರು. ಈಗ ಹೊರುವ ಹುಡುಗರು ಊರಲ್ಲಿ ಇಲ್ಲವಲ್ಲ, ಹೆಣ್ಣುಮಕ್ಕಳೂ ಹೆಗಲು ಕೊಡುತ್ತಿದ್ದಾರೆ. ಪುಟ್ಟಿಯಷ್ಟು ದೊಡ್ಡ ಹುಡುಗಿಯೊಬ್ಬಳು ಡೋಲು ಬಾರಿಸುತ್ತಿದ್ದಳು. ನಮ್ಮ ಪುಟ್ಟಿ ಕಣ್ಣು ಮಿಟುಕಿಸದೆ ನೋಡಿದಳು.

ಅಜ್ಜಿ ಮದುವೆಯಾಗಿ ಈ ಊರಿಗೆ ಬಂದು 60 ವರ್ಷವಾಯಿತು. ಈ ಅರವತ್ತು ವರ್ಷದಲ್ಲಿ ದಂಡೆಯ ಬೆಂಕಿಯನ್ನು ಹತ್ತಿರದಿಂದ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ನೋಡಿರಲಿಲ್ಲ! ಕಿರಿಕೊ ಮನೆಯ ಮುಂದೆ ಹಾದುಹೋಗುವಾಗ ಕೈ ಒರೆಸಿಕೊಂಡು ಬಾಗಿಲಿಗೆ ಓಡಿಬಂದು ನೋಡುವುದು, ಮತ್ತೆ ಒಲೆಯ ಮುಂದೆ ಹೋಗುವುದು. ಉಳಿದದ್ದೆಲ್ಲ ಕಿವಿಯಲ್ಲಿ ಕೇಳಿದ್ದು. ಈ ವರ್ಷ ಎಂಟು ಜನ ಸೇರಿ ಮಾಡಿದ್ದರಿಂದ ಎಂಟು ಗಂಟೆಗೇ ಪಾತ್ರೆ ತೊಳೆದಾಯಿತು. ಕಾಯಲು ಮನೆಯೂ ಇಲ್ಲ. ಮಗಳು ಒಂದು ಮಡಿಚುವ ಕುರ್ಚಿ ಹಿಡಿದುಕೊಂಡು ‘ಬಾಮ್ಮ’ ಎಂದರು.

ಕತ್ತಲಾಗಿತ್ತು. ಸಮುದ್ರದ ದಂಡೆಯ ಬಯಲಿನಲ್ಲಿ ಎತ್ತರದ ಕಂಬಗಳ ತುದಿಗೆ ಸೌದೆ ಕಟ್ಟಿದ ದೊಡ್ಡ ದೀವಟಿಗೆಗಳು ನಿಂತಿದ್ದವು. ಅವಕ್ಕೆ ಬೆಂಕಿ ಇಟ್ಟರು. ಧಗ್ಗೆಂದು ಹತ್ತಿಕೊಂಡವು. ಕಿಡಿಗಳು ಮಳೆಯಂತೆ ಸುರಿಯತೊಡಗಿದವು. ಆ ಕಿಡಿಯ ಕೆಳಗೇ ಕಿರಿಕೊಗಳನ್ನು ಹೊತ್ತವರು ಗಿರಗಿರ ಸುತ್ತತೊಡಗಿದರು. ‘ಇಯಾಸಾಕಾ ಯಸ್ಸಾಯ್! ಇಯಾಸಾಕಾ ಯಸ್ಸಾಯ್!’ ಎಂಬ ಕೂಗು. ಇಯಾಸಾಕಾ ಎಂದರೆ ‘ಇನ್ನೂ ಇನ್ನೂ ಏಳಿಗೆಯಾಗಲಿ’ ಎಂದು ಅರ್ಥವಂತೆ. ಮನೆಮಠ ಬಿದ್ದ ಜನ ಏಳಿಗೆಯಾಗಲಿ ಎಂದು ಕೂಗುವುದನ್ನು ಕೇಳಿ ನನ್ನ ಗಂಟಲು ಕಟ್ಟಿತು. ಟೋಕಿಯೋದಿಂದ, ಒಸಾಕಾದಿಂದ ರಜೆ ಹಾಕಿ ಬಂದ ಹುಡುಗರು, ನೆರವಿಗೆ ಬಂದ ಬೇರೆ ಊರಿನವರು, ಎಲ್ಲರೂ ಒಂದೇ ತೊಲೆಯ ಕೆಳಗೆ. ಹಲವರ ಅಂಗಿಯ ಮೇಲೆ ಕಿಡಿ ಬಿದ್ದು ತೂತಾಗಿತ್ತು. ಅದನ್ನು ತೋರಿಸಿಕೊಂಡು ನಗುತ್ತಿದ್ದರು.

ಅಜ್ಜಿ ಕುರ್ಚಿಯಲ್ಲಿ ಕುಳಿತು, ಕೈ ಮಡಿಲಲ್ಲಿ ಇಟ್ಟುಕೊಂಡು, ಒಂದು ಮಾತೂ ಆಡದೆ ನೋಡಿದರು. ಮುಖದ ಮೇಲೆ ಬೆಂಕಿಯ ಬೆಳಕು. ನಾನು ಬೆಂಕಿಗಿಂತ ಹೆಚ್ಚು ಅವರನ್ನೇ ನೋಡಿದೆನೇನೋ.

ನೀರಿಗೆ ಬಿದ್ದ ಪಲ್ಲಕ್ಕಿ

ಆ ರಾತ್ರಿ ಅಜ್ಜಿಯ ತಂಗಿಯ ಮನೆಯಲ್ಲಿ ಮಲಗಿದೆವು. ಮಾಡಿಗೆ ಟಾರ್ಪಾಲು ಇದ್ದರೂ ಮನೆ ಗಟ್ಟಿಯಾಗಿತ್ತು. ಮರುದಿನ ಶನಿವಾರ ನಿಜವಾದ ರಂಪ. ದೇವರನ್ನು ಕೂರಿಸಿದ ಎರಡು ಪಲ್ಲಕ್ಕಿಗಳು ಊರು ಸುತ್ತುತ್ತವೆ. ‘ಮಿಕೋಶಿ’ ಎನ್ನುತ್ತಾರೆ. ನಮ್ಮಲ್ಲಾದರೆ ಪಲ್ಲಕ್ಕಿ ಒಂದಿಷ್ಟು ಓಲಿದರೂ ‘ಹುಷಾರು, ಹುಷಾರು’ ಎಂದು ಹತ್ತು ಕೈ ಬರುತ್ತವೆ. ಅಲ್ಲಿ ಬೇಕೆಂದೇ ನೆಲಕ್ಕೆ ಕುಕ್ಕುತ್ತಾರೆ, ಉರುಳಿಸುತ್ತಾರೆ, ಸಮುದ್ರಕ್ಕೆ ಎಸೆಯುತ್ತಾರೆ, ತಾವೂ ಧುಮುಕಿ ಎತ್ತಿ ತರುತ್ತಾರೆ! ರಾತ್ರಿಯಾದ ಮೇಲೆ ಸೇತುವೆಯ ಮೇಲಿಂದ ಹೊಳೆಗೆ ದೂಡುತ್ತಾರೆ. ಆಮೇಲೆ ಬೆಂಕಿಗೂ ಒಡ್ಡುತ್ತಾರೆ. ಗುಡಿ ಮುಟ್ಟುವ ಹೊತ್ತಿಗೆ ನಡುರಾತ್ರಿ ಕಳೆದು, ಪಲ್ಲಕ್ಕಿ ಮುರಿದು ಕರಿಯಾಗಿರುತ್ತದೆ. ಬಡಗಿಯ ಕೈಗೆ ಹೋಗದೆ ಗತಿಯಿಲ್ಲ.

‘ದೇವರಿಗೆ ನೋವಾಗುವುದಿಲ್ಲವೇ?’ ಎಂದು ನಾನು ಕೇಳಿಸಿದೆ. ಪುಟ್ಟಿ ಅಜ್ಜಿಯ ಉತ್ತರ ತಂದಳು: ‘ದೊಡ್ಡಮ್ಮ, ದೇವರಿಗೆ ಅದೇ ಇಷ್ಟ ಅಂತೆ. ಮುರಿದರೆ ಮತ್ತೆ ಮಾಡಬಹುದು ಅಂತೆ.’

ಆ ಮಾತು ಪಲ್ಲಕ್ಕಿಗೆ ಮಾತ್ರ ಹೇಳಿದ್ದೋ, ಮನೆಗೂ ಸೇರಿಸಿ ಹೇಳಿದ್ದೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಬರುವ ವರ್ಷ

ಭಾನುವಾರ ಹೊರಡುವ ಮುಂಚೆ ಪುಟ್ಟಿ ಅಜ್ಜಿಯನ್ನು ಕೇಳಿದಳು, ಬೆಂಕಿ ಹೇಗಿತ್ತು ಎಂದು. ಅಜ್ಜಿ ‘ಬಹಳ ಚೆನ್ನಾಗಿತ್ತು’ ಎಂದರು. ಸ್ವಲ್ಪ ಹೊತ್ತು ಬಿಟ್ಟು ‘ಆದರೆ ಬರುವ ವರ್ಷ ನಾನು ನನ್ನ ಅಡುಗೆಮನೆಯಲ್ಲಿ ಇರಬೇಕು’ ಎಂದರು. ಮಗಳು ತಟ್ಟನೆ ‘ಅಡುಗೆಮನೆಯೂ ಇರಲಿ, ಕುರ್ಚಿಯೂ ಇರಲಿ. ಎಂಟು ಗಂಟೆಗೆ ಮುಗಿಸಿ ಹೋಗೋಣ’ ಎಂದರು. ತಾಯಿ ನಕ್ಕುಬಿಟ್ಟರು.

ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಕರೆದು ಉಣಿಸುವುದರಲ್ಲಿ ಒಂದು ಸುಖವಿದೆ. ಅದು ಬೇಡವೆನ್ನುವವಳು ನಾನಲ್ಲ. ಮನೆ ಬಿದ್ದಾಗ ಅಜ್ಜಿಗೆ ಮೊದಲು ಬಂದ ಚಿಂತೆಯೇ ಯಾರನ್ನು ಎಲ್ಲಿ ಕರೆಯಲಿ ಎಂಬುದು. ಆದರೆ ಅರವತ್ತು ವರ್ಷ ದೇವರ ಬೆಂಕಿಯನ್ನು ಸದ್ದಿನಲ್ಲೇ ಕೇಳಿ, ಮನೆ ಬಿದ್ದ ಮೇಲೆ ಕಣ್ಣಲ್ಲಿ ನೋಡುವಂತಾಗಬೇಕೇ? ಎಂಟು ಜನ ಸೇರಿದರೆ ಎಂಟು ಗಂಟೆಗೆ ಮುಗಿಯುವ ಕೆಲಸವನ್ನು ನಾವು ಒಬ್ಬೊಬ್ಬರೇ ನಡುರಾತ್ರಿಯವರೆಗೆ ಎಳೆಯುತ್ತೇವೆ. ಊರಿಗೆ ಬಂದ ಮೇಲೆ ನಮ್ಮ ಹಬ್ಬಕ್ಕೆ ನಾನು ಎದುರುಮನೆಯವರ ಜೊತೆ ಸೇರಿ ಒಂದೇ ಅಡುಗೆ ಮಾಡಿದೆ. ಬಡಿಸುವುದನ್ನು ಮಗನಿಗೂ ಅವನ ತಂದೆಗೂ ಒಪ್ಪಿಸಿ ಮಂಗಳಾರತಿಗೆ ಹೋದೆವು. ಹುಳಿ ಸ್ವಲ್ಪ ಚೆಲ್ಲಿತು, ಅಷ್ಟೇ!

ಆ ವರ್ಷವೇ ಸೆಪ್ಟೆಂಬರ್ 21ರಂದು ನೋಟೊದಲ್ಲಿ ಭಾರಿ ಮಳೆ ಬಂದು ಮತ್ತೆ ಸಾವುನೋವಾಯಿತು. ತಂಗಿಗೆ ಫೋನು ಮಾಡಿ ಅಜ್ಜಿಯನ್ನು ವಿಚಾರಿಸಿದೆ. ದೇವರ ದಯೆ, ಕ್ಷೇಮ. 2025ರ ಜುಲೈನಲ್ಲಿ ಪುಟ್ಟಿ ಮತ್ತೆ ಉಶಿತ್ಸುವಿಗೆ ಹೋಗಿ ಬಂದಳು. ಅಜ್ಜಿ ಇನ್ನೂ ಅದೇ ಎರಡು ಕೋಣೆಯ ಮನೆಯಲ್ಲಿದ್ದಾರಂತೆ. ಹಳೆಯ ಮನೆ ಕೆಡವಿ ಆಗಿದೆ, ಜಾಗ ಬಯಲಾಗಿದೆ. ಯೊಬಾರೆ ಈ ಸಲ ತಂಗಿಯ ಮನೆಯಲ್ಲಿ. ಏಳು ಮೆರುಗಿನ ಬಟ್ಟಲು, ಉಳಿದವಕ್ಕೆ ಪ್ಲಾಸ್ಟಿಕ್. ಎಂಟೂವರೆಗೆ ಪಾತ್ರೆ ತೊಳೆದು ಕುರ್ಚಿ ಹಿಡಿದುಕೊಂಡು ದಂಡೆಗೆ ಹೋದರಂತೆ. ನನಗೂ ಒಂದು ಮಾತು ಕಳಿಸಿದ್ದಾರೆ: ‘ಹೊಸ ವರ್ಷಕ್ಕೆ ಬಾರದಿದ್ದರೂ ಪರವಾಗಿಲ್ಲ, ಜಾತ್ರೆಗೆ ಬಾ. ಆ ಹಳದಿ ಅನ್ನ ತರುವುದು ಮರೆಯಬೇಡ.’

ಅಜ್ಜಿಯ ಕೆಂಪನ್ನ

ಇದಕ್ಕೆ ಜಪಾನಿನಲ್ಲಿ ‘ಸೆಕಿಹಾನ್’ ಎನ್ನುತ್ತಾರೆ. ಮದುವೆ, ಹುಟ್ಟುಹಬ್ಬ, ಜಾತ್ರೆ ಎಂದರೆ ಇದು ಬೇಕೇ ಬೇಕು. ಅಲ್ಲಿ ಅಜುಕಿ ಎಂಬ ಕೆಂಪು ಕಾಳನ್ನು ಹಾಕುತ್ತಾರೆ. ಟೋಕಿಯೋ ಕಡೆಯವರು ಅಲಸಂದೆ ಕಾಳನ್ನೇ ಹಾಕುವುದುಂಟು. ಅಜುಕಿ ಬೆಂದಾಗ ಹೊಟ್ಟೆ ಸೀಳಿಕೊಳ್ಳುತ್ತದೆ, ಹಿಂದಿನ ಕಾಲದ ಸಮುರಾಯಿ ಯೋಧರಿಗೆ ಅದು ಅಪಶಕುನವಾಗಿತ್ತಂತೆ. ಅಲಸಂದೆ ಹಾಗೆ ಸೀಳುವುದಿಲ್ಲ. ನಮಗೂ ಅದೇ ಅನುಕೂಲ.

ಬೇಕಾಗುವ ಸಾಮಾನು: ಅಂಟು ಬರುವ ಅಕ್ಕಿ 3 ಲೋಟ (ಈಶಾನ್ಯ ರಾಜ್ಯಗಳ ಅಂಟಕ್ಕಿ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ), ಕೆಂಪು ಅಲಸಂದೆ ಅರ್ಧ ಲೋಟ, ಉಪ್ಪು 1 ಚಮಚ, ಹುರಿದ ಕರಿ ಎಳ್ಳು 2 ಚಮಚ.

ಮಾಡುವ ವಿಧಾನ: ಅಲಸಂದೆಯನ್ನು ತೊಳೆದು, ಮುಳುಗುವಷ್ಟು ನೀರು ಹಾಕಿ ಒಂದು ಕುದಿ ಬಂದೊಡನೆ ಆ ನೀರನ್ನು ಚೆಲ್ಲಿಬಿಡಿ. ಮತ್ತೆ 4 ಲೋಟ ನೀರು ಹಾಕಿ ಮುಕ್ಕಾಲು ಭಾಗ ಬೇಯಿಸಿ. ಕಾಳು ಒಡೆಯಬಾರದು. ಕಾಳನ್ನು ಬಸಿದು, ಕೆಂಪು ನೀರನ್ನು ಜೋಪಾನ ಮಾಡಿ. ಆ ನೀರು ತಣ್ಣಗಾದ ಮೇಲೆ ತೊಳೆದ ಅಕ್ಕಿಯನ್ನು ಅದರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಅಕ್ಕಿಗೆ ತಿಳಿಗೆಂಪು ಬಣ್ಣ ಬಂದಿರುತ್ತದೆ. ಅಕ್ಕಿಯನ್ನು ಬಸಿದು ಕಾಳು ಬೆರೆಸಿ. ಬಸಿದ ನೀರಿನಲ್ಲಿ ಒಂದು ಲೋಟದಷ್ಟನ್ನು ಎತ್ತಿಟ್ಟು ಅದಕ್ಕೆ ಉಪ್ಪು ಹಾಕಿ. ಇಡ್ಲಿ ಪಾತ್ರೆಯಲ್ಲಿ ತೂತಿನ ತಟ್ಟೆ ಇಟ್ಟು, ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಅಕ್ಕಿ ಹರಡಿ. ನಡುವೆ ಸ್ವಲ್ಪ ಗುಳಿ ಮಾಡಿದರೆ ಹಬೆ ಚೆನ್ನಾಗಿ ಆಡುತ್ತದೆ. ಸುಮಾರು 40 ನಿಮಿಷ ಬೇಯಿಸಿ. ನಡುನಡುವೆ ಎರಡು ಸಲ ಮುಚ್ಚಳ ತೆಗೆದು ಉಪ್ಪಿನ ಕೆಂಪು ನೀರನ್ನು ಚಿಮುಕಿಸಿ. ಇಳಿಸಿದ ಮೇಲೆ ಎಳ್ಳು ಉದುರಿಸಿ.

ಅಂಟಕ್ಕಿ ಸಿಗದಿದ್ದರೆ ದಿನ ಬಳಸುವ ಅಕ್ಕಿಯನ್ನೇ ಆ ಕೆಂಪು ನೀರಿನಲ್ಲಿ, ಅಳತೆಗೆ ಕಡಮೆಯಾದರೆ ಬರಿಯ ನೀರು ಸೇರಿಸಿ, ಕಾಳಿನ ಜೊತೆ ಕುಕ್ಕರಿನಲ್ಲಿ ಇಡಬಹುದು. ಅಂಟು ಬಾರದು, ಬಣ್ಣ ರುಚಿ ಎರಡೂ ಬರುತ್ತವೆ. ಒಣಗಿದ್ದು ಎನಿಸಿದರೆ ಮಾವಿನಕಾಯಿ ಉಪ್ಪಿನಕಾಯಿ ನೆಂಚಿಕೊಳ್ಳಿ. ಅಜ್ಜಿಗೂ ಅದು ಹಿಡಿಸಿತು!